ಪರದೆ ಬೇಡದ ಲ್ಯಾಪ್‌ಟಾಪ್

ಕಣ್ಣು ಹೋದ ಮೇಲೆ ದೇವಿಂದ್ರಪ್ಪ ಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದ. ವಾಡಿಯಲ್ಲಿ ಅವನನ್ನು ಅರಿಯದವರಿರಲಿಲ್ಲ. ವರ್ಷಗಟ್ಟಲೆ ಗೂಡ್ಸ್ ಗಾಡಿ ಓಡಿಸಿದವನು, ಸಿಮೆಂಟು, ಸುಣ್ಣದಕಲ್ಲು, ಕಲ್ಲಿದ್ದಲು ಎಳೆದುಕೊಂಡು ಊರೂರು ಸುತ್ತಿದವನು. ಐವತ್ತು ದಾಟುವ ಹೊತ್ತಿಗೆ ಕಣ್ಣಿನೊಳಗೆ ಒತ್ತಡ ಏರಿ ನರ ಸೊರಗಿತು. ಮೊದಲು ಬದಿಯದೆಲ್ಲ ಮಬ್ಬಾಯಿತು, ಆಮೇಲೆ ಎದುರಿನದೂ ಹೋಯಿತು. ಇಂಜಿನ್ನಿನಿಂದ ಇಳಿಸಿ ಆಫೀಸಿನಲ್ಲಿ ಕುಳಿತು ಮಾಡುವ ಕೆಲಸ ಕೊಟ್ಟರು. ಅಲ್ಲಿ ಮಾಡಲು ಏನೂ ಇರಲಿಲ್ಲ. ಸುಮ್ಮನೆ ಕುಳಿತು ಸಂಬಳ ತೆಗೆದುಕೊಳ್ಳಲು ಮನಸ್ಸು ಒಪ್ಪದೆ ಅವನು ನೌಕರಿ ಬಿಟ್ಟ. ಕ್ವಾರ್ಟರ್ಸ್ ಖಾಲಿ ಮಾಡಿ, ಹಳಿಯಿಂದ ತುಸು ದೂರದಲ್ಲಿ ಒಂದು ಮನೆ ಹಿಡಿದು, ಹೆಂಡತಿ ನೀಲಾಬಾಯಿ, ಮಗಳು ಶಿವರಂಜನಿಯ ಜೊತೆ ಇರತೊಡಗಿದ. ಮಗಳು ಚಿತ್ತಾಪುರದ ಶಾಲೆಯೊಂದರಲ್ಲಿ ಟೀಚರ್, ದಿನಾ ಹೋಗಿಬರುತ್ತಿದ್ದಳು.

ಅವನ ಹತ್ತಿರ ಉಳಿದದ್ದು ರೇಡಿಯೋ ಒಂದೇ. ಒಂದು ದಿನ ಅದೂ ಕೆಟ್ಟು ಕೂತಿತು. ಶಹಾಬಾದ್ ಸ್ಟೇಷನ್ ಹತ್ತಿರ ಅಮೀರ್ ಅಲಿಯ ಅಂಗಡಿಯಲ್ಲಿ ರಿಪೇರಿ ಮಾಡುತ್ತಾರೆಂದು ಯಾರೋ ಹೇಳಿದರು. ತಾನೊಬ್ಬಳೇ ಹೋಗಿಬರುತ್ತೇನೆಂದು ನೀಲಾಬಾಯಿ ಹೊರಟಳು. ಆದರೆ ಅವತ್ತು ಅವನಿಗೆ ಏನನ್ನಿಸಿತೋ, ತಾನೂ ಅಂಗಿ ಬದಲಿಸಿ ಅವಳ ಹೆಗಲ ಮೇಲೆ ಕೈಯಿಟ್ಟು ರೈಲು ಹತ್ತಿದ.

ಅಂಗಡಿಯಲ್ಲಿ ಅಮೀರ್ ಅಲಿ ಇರಲಿಲ್ಲ. ಅವನಿಗೆ ವಯಸ್ಸಾಗಿ ಅಂಗಡಿ ಮಗಳು ನಾಹಿದಳ ಕೈಗೆ ಬಂದಿತ್ತು. ಅಪ್ಪ ರೇಡಿಯೋ ಬಿಚ್ಚುತ್ತಿದ್ದ ಮೇಜಿನ ಮೇಲೆ ಮಗಳು ಕಂಪ್ಯೂಟರ್ ಬಿಚ್ಚುತ್ತಿದ್ದಳು. ಹೊಟ್ಟೆಪಾಡಿಗೆ ಮೊಬೈಲು, ಪ್ರಿಂಟರು ರಿಪೇರಿ. ಅವಳ ಖುಷಿ ಇದ್ದದ್ದು ಬೇರೆ ಕಡೆ. ಕಾರ್ಖಾನೆ, ಕಾಲೇಜು, ಆಫೀಸುಗಳವರು ಹೊರಗೆಸೆದ ಕಂಪ್ಯೂಟರುಗಳನ್ನು ತಂದು, ಒಂದರ ಮೆಮೊರಿ ಇನ್ನೊಂದಕ್ಕೆ ಹಾಕಿ, ಹಳೆಯ ಯಂತ್ರಕ್ಕೆ ಭಾರವಾಗದ, ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ ತುಂಬಿ, ಮತ್ತೆ ನಡೆಯುವಂತೆ ಮಾಡುತ್ತಿದ್ದಳು. ಸತ್ತಿದೆ ಎಂದು ಬಿಟ್ಟುಹೋದದ್ದು ಅವಳ ಮೇಜಿನ ಮೇಲೆ ದೀಪ ಬೆಳಗಿಸಿಕೊಂಡು ಎದ್ದರೆ ಅವತ್ತಿನ ಊಟ ರುಚಿಸುತ್ತಿತ್ತು.

ರೇಡಿಯೋ ರಿಪೇರಿಯಾಗುವ ತನಕ ದೇವಿಂದ್ರಪ್ಪ ಸ್ಟೂಲಿನ ಮೇಲೆ ಕುಳಿತಿದ್ದ. ಕೈ ಅತ್ತಿತ್ತ ಆಡಿಸುವಾಗ ಪಕ್ಕದಲ್ಲಿ ಒಂದರ ಮೇಲೊಂದು ಒಟ್ಟಿದ ಚಪ್ಪಟೆ ಡಬ್ಬಿಗಳಂಥವು ತಾಗಿದವು. ಏನಿವು ಎಂದು ಕೇಳಿದ. ಲ್ಯಾಪ್‌ಟಾಪುಗಳು ಎಂದಳು ನಾಹಿದ. ಬಿದ್ದು ಪರದೆ ಒಡೆದವು ಇವು, ಹೊಸ ಪರದೆ ಹಾಕಿದರೆ ಆ ಬೆಲೆಗೆ ಇನ್ನೊಂದು ಹಳೆಯ ಲ್ಯಾಪ್‌ಟಾಪೇ ಬರುತ್ತದೆ, ಅದಕ್ಕೇ ಬಿಡಿಭಾಗಕ್ಕೆಂದು ಇಟ್ಟುಕೊಂಡಿದ್ದೇನೆ ಎಂದು ವಿವರಿಸಿದಳು.

"ಒಳಗ ಮಷೀನ್ ಸುದ್ದ ಅದ ಏನು?" ಎಂದು ಕೇಳಿದ ದೇವಿಂದ್ರಪ್ಪ.

"ಹೌದ್ರಿ ಕಾಕಾ. ಒಳಗ ಎಲ್ಲಾ ಬರೋಬರಿ ಅದ. ಬರೇ ಕಾಣಂಗಿಲ್ಲ."

"ಹಂಗಂದ್ರ ನನಗೊಂದು ಕೊಡು ತಂಗಿ. ನನಗೂ ಕಾಣಂಗಿಲ್ಲ."

ಅವನು ಚೇಷ್ಟೆಗೆ ಅಂದದ್ದು. ನೀಲಾಬಾಯಿಯೂ ನಕ್ಕಳು. ನಾಹಿದ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಆ ಒಟ್ಟಿಲನ್ನೇ ನೋಡುತ್ತ ನಿಂತಳು. ಇಷ್ಟು ವರ್ಷ ಅದರ ಪಕ್ಕದಲ್ಲೇ ಕುಳಿತು ಚಹಾ ಕುಡಿದಿದ್ದರೂ ಈ ವಿಚಾರ ಅವಳ ತಲೆಗೆ ಬಂದಿರಲಿಲ್ಲ. ಮುಂದಿನ ವಾರ ಬನ್ನಿ ಎಂದಷ್ಟೇ ಹೇಳಿ ಕಳಿಸಿದಳು.

ಮುಂದಿನ ವಾರ ಅವರು ಬಂದಾಗ ಒಂದು ಲ್ಯಾಪ್‌ಟಾಪ್ ತಯಾರಿತ್ತು. ಒಡೆದ ಪರದೆಯನ್ನು ಬಿಚ್ಚಿಯೇ ತೆಗೆದಿದ್ದಳು, ಉಳಿದದ್ದು ಕೀಲಿಮಣೆಯ ಭಾಗ ಅಷ್ಟೇ. ಅಂಗಡಿಯ ಮಾನಿಟರಿಗೆ ಸಿಕ್ಕಿಸಿ, ಪರದೆಯ ಮೇಲೆ ಬರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಹಾಕಿದ್ದಳು. ದೇವಿಂದ್ರಪ್ಪ ಒಂದು ಕೀಲಿ ಒತ್ತಿದ. ಯಂತ್ರ ಮೂಗಿನಲ್ಲಿ ಕನ್ನಡ ಮಾತಾಡಿತು. ಅವನು ಕೈ ಹಿಂದಕ್ಕೆಳೆದುಕೊಂಡ. ಆಮೇಲೆ ಇನ್ನೊಂದು ಒತ್ತಿದ.

ಕಲಿಯುವುದು ಸಲೀಸಾಗಿರಲಿಲ್ಲ. ಎರಡು ಕೀಲಿಗಳ ಮೇಲೆ ಬೆರಳಿಗೆ ತಾಗುವ ಸಣ್ಣ ಗೀಟು ಇರುತ್ತದೆ, ಅವುಗಳಿಂದ ಉಳಿದವನ್ನು ಎಣಿಸಿಕೊಳ್ಳಬೇಕು ಎಂದು ನಾಹಿದ ತೋರಿಸಿಕೊಟ್ಟಳು. ಮನೆಯಲ್ಲಿ ಕುಳಿತು ಅವನು ದಿನವಿಡೀ ಒತ್ತಿದ. ತಪ್ಪು ಒತ್ತಿದರೆ ಯಂತ್ರ ಸುಮ್ಮನಾಗಿಬಿಡುತ್ತಿತ್ತು. ಆಗ ಅವನು ಸಿಟ್ಟಿನಿಂದ ಅದನ್ನು ದೂರ ಸರಿಸಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ನೀಲಾಬಾಯಿ ಅದನ್ನು ಒರೆಸಿ ಮತ್ತೆ ಅವನ ಹತ್ತಿರ ಇಡುತ್ತಿದ್ದಳು. ಕೊನೆಗೊಂದು ದಿನ ಶಾಲೆಯಿಂದ ಬಂದ ಶಿವರಂಜನಿಗೆ ಫೋನಿನಲ್ಲಿ ಒಂದು ಸಂದೇಶ ಕಾದಿತ್ತು: ಬರುವಾಗ ಬದನೆಕಾಯಿ ತಾ. ಅಪ್ಪ ಟೈಪ್ ಮಾಡಿದ್ದ. ಅವಳು ಮತ್ತೆ ಪೇಟೆಗೆ ಹೋಗಿ ಬದನೆಕಾಯಿ ತಂದಳು.

ಪಾಡ್‌ಕಾಸ್ಟ್ ಎಂಬ ಶಬ್ದವನ್ನು ಅವನು ಮೊದಲು ಕೇಳಿದ್ದು ನಾಹಿದಳ ಬಾಯಲ್ಲಿ. ಅಂಗಡಿಗೆ ಹೋದಾಗಲೆಲ್ಲ ಅವನು ಗಾಡಿ ಓಡಿಸಿದ ಕಥೆ ಹೇಳುತ್ತಿದ್ದ. ರಿಪೇರಿಗೆ ಬಂದವರು ಮೊಬೈಲು ಕೈಗೆ ಬಂದ ಮೇಲೂ ಹೋಗದೆ ನಿಂತು ಕೇಳುತ್ತಿದ್ದರು. ರೇಡಿಯೋದವರ ಹಂಗಿಲ್ಲದೆ ನಾವೇ ಮಾತು ರೆಕಾರ್ಡ್ ಮಾಡಿ ಇಂಟರ್ನೆಟ್ಟಿಗೆ ಹಾಕಬಹುದು, ಬೇಕಾದವರು ಬೇಕಾದಾಗ ಕೇಳುತ್ತಾರೆ ಎಂದು ನಾಹಿದ ಹೇಳಿದಳು. ಹಳೆಯ ಹೆಡ್‌ಫೋನ್ ಒಂದನ್ನೂ ಮೈಕ್ ಒಂದನ್ನೂ ಸರಿಮಾಡಿ ಕೊಟ್ಟಳು. ಧ್ವನಿಯನ್ನು ಕತ್ತರಿಸಿ ಜೋಡಿಸುವ ತಂತ್ರಾಂಶವನ್ನು ಕೀಲಿಗಳಿಂದಲೇ ನಡೆಸುವುದನ್ನು ಮೊದಲು ತಾನು ಕಲಿತು ಆಮೇಲೆ ಅವನಿಗೆ ಕಲಿಸಿದಳು.

ಕಾರ್ಯಕ್ರಮಕ್ಕೆ ದೇವಿಂದ್ರಪ್ಪ 'ಲೈನ್ ಕ್ಲಿಯರ್' ಎಂದು ಹೆಸರಿಟ್ಟ. ಮುಂದಿನ ದಾರಿ ಖಾಲಿಯಿದೆ, ಗಾಡಿ ಬಿಡಬಹುದು ಎಂದು ಸ್ಟೇಷನ್ನಿನವರು ಡ್ರೈವರಿಗೆ ಕೊಡುವ ಅನುಮತಿಗೆ ಹಾಗೆನ್ನುತ್ತಾರೆ. ಮಂಜು ಕವಿದ ಬೆಳಗಿನಲ್ಲಿ ಸಿಗ್ನಲ್ ಹುಡುಕಿಕೊಂಡು ಗಾಡಿ ಓಡಿಸಿದ್ದು, ಕಾಗಿಣಾ ನದಿಯ ಸೇತುವೆಯ ಮೇಲೆ ಗಾಲಿಗಳ ಸಪ್ಪಳ ಬದಲಾಗುವುದು, ದೂರದ ಊರಿನಲ್ಲಿ ಡ್ಯೂಟಿ ಮುಗಿಸಿ ತಂಗುವ ರನ್ನಿಂಗ್ ರೂಮಿನಲ್ಲಿ ಬೇರೆ ಬೇರೆ ಭಾಷೆಯ ಡ್ರೈವರುಗಳು ಒಂದೇ ಪಾತ್ರೆಯಲ್ಲಿ ಬೇಳೆ ಬೇಯಿಸಿದ್ದು, ಹಳಿಯ ಮೇಲೆ ನಿಂತ ಎಮ್ಮೆಗಾಗಿ ನಿಲ್ಲಿಸಿದ ಗಾಡಿಗೆ ಎಮ್ಮೆಯ ಯಜಮಾನಿ ಸುಂದರಬಾಯಿ ಮಜ್ಜಿಗೆ ತಂದುಕೊಟ್ಟದ್ದು. ಇವನ್ನೆಲ್ಲ ತನ್ನ ಮಾತಿನಲ್ಲೇ, ಮನೆಯಲ್ಲಿ ಆಡುವ ಹಾಗೆಯೇ ಹೇಳಿದ. ಮೊದಲು ಕೇಳಿದವರು ಬೆರಳೆಣಿಕೆಯಷ್ಟು. ಶಿವರಂಜನಿ ಶಾಲೆಯಲ್ಲಿ ಊಟದ ಬಿಡುವಿನಲ್ಲಿ ಹಾಕಿ ಕೇಳಿಸಿದಳು. ಅಲ್ಲಿಂದ ಅವರವರ ಮನೆಗೆ ಹೋಯಿತು, ಸಿಮೆಂಟು ಕಾರ್ಖಾನೆಯ ಕಾರ್ಮಿಕರ ಫೋನುಗಳಿಗೆ ಹೋಯಿತು, ಚಿಂಚೋಳಿಯ ತಾಂಡಾಗಳಿಗೆ ಹೋಯಿತು. ದೇವಿಂದ್ರಪ್ಪ ಈಗ ಸಂಜೆ ಹೊರಗೆ ಕಟ್ಟೆಯ ಮೇಲೆ ಕೂರತೊಡಗಿದ. ದಾರಿಯಲ್ಲಿ ಹೋಗುವವರು ನಿಂತು, ಆ ಎಮ್ಮೆ ಆಮೇಲೆ ಏನಾಯಿತು ಎಂದು ಕೇಳುತ್ತಿದ್ದರು.

ಹೀಗಿರುವಾಗ ಸೇಡಂನಿಂದ ಫೋನು ಬಂತು. ಮಾಡಿದವನು ಅಶೋಕಕುಮಾರ, ಔಷಧಿ ಅಂಗಡಿಯವನು. ಅವನೂ ಈ ಹುಚ್ಚು ಹಚ್ಚಿಕೊಂಡವನೇ, ಈ ಭಾಗದ ಹಳೆಯ ಶಬ್ದಗಳ ಬಗ್ಗೆ ಪಾಡ್‌ಕಾಸ್ಟ್ ಮಾಡುತ್ತಿದ್ದ. ಸುತ್ತಲ ಊರುಗಳಲ್ಲಿ ಹೀಗೆ ತಮ್ಮಷ್ಟಕ್ಕೆ ಕಾರ್ಯಕ್ರಮ ಮಾಡುವವರನ್ನೂ ಹಳೆಯ ಕಂಪ್ಯೂಟರಿಗೆ ಜೀವ ತುಂಬುವವರನ್ನೂ ಒಂದು ಭಾನುವಾರ ಸೇಡಂನ ಸಭಾಭವನದಲ್ಲಿ ಕೂಡಿಸುತ್ತಿದ್ದೇವೆ, ಎಲ್ಲಕ್ಕಿಂತ ಚೆನ್ನಾದದ್ದೆಂದು 'ಲೈನ್ ಕ್ಲಿಯರ್' ಅನ್ನು ಆರಿಸಿದ್ದೇವೆ, ಅದನ್ನು ಹಾಕಿಯೇ ಸಭೆ ಶುರು ಮಾಡುತ್ತೇವೆ ಎಂದ. ನೀಲಾಬಾಯಿ ಅವತ್ತು ಹೋಳಿಗೆ ಮಾಡಿದಳು. ಶಹಾಬಾದಿಗೂ ಒಂದು ಡಬ್ಬಿ ಹೋಯಿತು.

ಆದರೆ ಸಭೆಗೆ ಇನ್ನೂ ಕೆಲವು ದಿನವಿರುವಾಗ ಅಶೋಕಕುಮಾರ ಮತ್ತೆ ಫೋನು ಮಾಡಿದ. ಈ ಸಲ ಅವನ ದನಿ ಕುಗ್ಗಿತ್ತು. ಅವರ ವಾಟ್ಸಾಪ್ ಗುಂಪಿನಲ್ಲಿ ಮಾತು ಎದ್ದಿತ್ತು. ಕಣ್ಣು ಕಾಣದವರು ಕಥೆ ಹೇಳಬಹುದು, ಆದರೆ ಇಷ್ಟು ನಯವಾಗಿ ಎಡಿಟಿಂಗ್ ಮಾಡುವುದು ಸಾಧ್ಯವೇ ಇಲ್ಲ, ಮಾಡುವವಳು ಅಂಗಡಿಯ ಹೆಣ್ಣುಮಗಳು, ಹೆಸರು ಇವರದು, ಮರುಕದ ಮೇಲೆ ಆರಿಸುವುದು ಬೇಡ ಎಂದು ಒಬ್ಬರು ಬರೆದಿದ್ದರು. ಹೌದೆಂದು ಹಲವರು ದನಿಗೂಡಿಸಿದ್ದರು. ಅಶೋಕಕುಮಾರ ಅದನ್ನು ಮುಚ್ಚಿಡಲಿಲ್ಲ. ತನಗೂ ಹೇಗೆಂದು ತಿಳಿಯದು, ನೀವೇ ಹೇಳಬೇಕು ಎಂದು ಕೇಳಿದ.

ನಾಹಿದಳಿಗೆ ವಿಪರೀತ ಸಿಟ್ಟು ಬಂತು. ಸೇಡಂಗೆ ಹೋಗುವುದೇ ಬೇಡ ಎಂದಳು. ತನ್ನ ಹೆಸರನ್ನು ಇದರಲ್ಲಿ ಎಳೆದದ್ದಕ್ಕಿಂತ ಹೆಚ್ಚಾಗಿ, ದೇವಿಂದ್ರಪ್ಪ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ ದಿನಗಳನ್ನು ಆ ಬರೆದವರು ನೋಡಿರಲಿಲ್ಲ ಎಂಬುದು ಅವಳನ್ನು ಸುಟ್ಟಿತು. ದೇವಿಂದ್ರಪ್ಪ ಅವತ್ತು ಕಟ್ಟೆಗೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಮತ್ತೆ ಮೊದಲಿನಂತಾಗುತ್ತಾರೇನೋ ಎಂದು ನೀಲಾಬಾಯಿ ಹೆದರಿದಳು. ಮೂರನೆಯ ಬೆಳಗ್ಗೆ ಅವನೇ ಅಶೋಕಕುಮಾರನಿಗೆ ಫೋನು ಹಚ್ಚಿಸಿದ.

"ಇಂಜಿನ್‌ದಾಗ ಕುಂತಾಗ ಗಾಡಿ ನೀನೇ ಓಡಸ್ತಿ ಏನಂತ ನನಗ ಯಾರೂ ಕೇಳಿಲ್ಲ ತಮ್ಮಾ," ಎಂದ. "ಈಗ ಕೇಳಾಕತ್ತಾರ. ಕೇಳ್ಲಿ. ನಾ ಬರ್ತೀನಿ. ಮೊದಲೇ ಮಾಡಿದ್ದು ಹಾಕಬ್ಯಾಡ್ರಿ. ಅಲ್ಲೇ ಯಾರರ ಒಬ್ಬರು ಮಾತಾಡ್ಲಿ, ಅಲ್ಲೇ ಕುಂತು ಮಾಡಿ ಕೇಳಸ್ತೀನಿ."

ಭಾನುವಾರ ಗಂಡ ಹೆಂಡತಿ, ಮಗಳು, ನಾಹಿದ ನಾಲ್ವರೂ ಸೇಡಂಗೆ ಬಸ್ಸಿನಲ್ಲಿ ಹೋದರು. ಸಭಾಭವನ ತುಂಬಿತ್ತು. ಹಳೆಯ ಕಂಪ್ಯೂಟರುಗಳನ್ನು ಒಂದು ಬದಿಗೆ ಸಾಲಾಗಿ ಇಟ್ಟಿದ್ದರು, ಹಳೆಯ ಕೀಲಿಮಣೆಗಳ ಮೇಲೆ ಮಕ್ಕಳು ಕೈಯಾಡಿಸುತ್ತಿದ್ದರು. ವೇದಿಕೆಯ ಮೇಲೆ ಒಂದು ಮೇಜು. ಅದರ ಮೇಲೆ ದೇವಿಂದ್ರಪ್ಪನ ಪರದೆಯಿಲ್ಲದ ಲ್ಯಾಪ್‌ಟಾಪನ್ನು ಇಟ್ಟು, ಅಶೋಕಕುಮಾರ ಅದಕ್ಕೆ ಪ್ರೊಜೆಕ್ಟರ್ ಸಿಕ್ಕಿಸಿದ. ಒಳಗೆ ನಡೆಯುವುದೆಲ್ಲ ಗೋಡೆಯ ಮೇಲೆ ಎಲ್ಲರಿಗೂ ಕಾಣುತ್ತಿತ್ತು. ನಾಹಿದ ಕೆಳಗೆ ಮೊದಲ ಸಾಲಿನಲ್ಲಿ, ಕೈಗಳನ್ನು ತೊಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಕುಳಿತಳು.

ಯಾರಾದರೂ ಬಂದು ಏನಾದರೂ ಹೇಳಿ ಎಂದು ಅಶೋಕಕುಮಾರ ಕೇಳಿದ. ಯಾರೂ ಏಳಲಿಲ್ಲ. ಮೈಕಿನ ಮುಂದೆ ದಿನಾ ಮಾತಾಡುವವರೂ ಒಬ್ಬರ ಮುಖ ಒಬ್ಬರು ನೋಡಿದರು. ಆಗ ನೀಲಾಬಾಯಿ ಸೆರಗು ಸರಿಪಡಿಸಿಕೊಂಡು ವೇದಿಕೆ ಹತ್ತಿದಳು. ಗಂಡನ ಇಷ್ಟು ಕಾರ್ಯಕ್ರಮಗಳಲ್ಲಿ ಅವಳ ದನಿ ಒಮ್ಮೆಯೂ ಬಂದಿರಲಿಲ್ಲ. ಅವಳ ಹೆಜ್ಜೆ ಗುರುತಿಸಿ ದೇವಿಂದ್ರಪ್ಪ ತಲೆ ಎತ್ತಿದ. ಮೈಕ್ ಅವಳ ಕಡೆ ತಿರುಗಿಸಿ ಕೀಲಿ ಒತ್ತಿದ.

ಅವಳು ತಡವರಿಸಿದಳು. ಏನಂದರ, ಏನಂದರ ಎಂದು ಮತ್ತೆ ಮತ್ತೆ ಶುರು ಮಾಡಿದಳು. ನಡುವೆ ಯಾರದೋ ಫೋನು ರಿಂಗಾಯಿತು, ಹೊರಗೆ ಹೈದರಾಬಾದಿನ ಬಸ್ಸು ಹಾರ್ನ್ ಹೊಡೆಯಿತು, ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಎರಡು ಸಲ ಕೆಮ್ಮಿ, ನೀರು ಕುಡಿದು, ಕೊನೆಗೆ ಹೇಳಬೇಕಾದದ್ದನ್ನು ಹೇಳಿದಳು. ಹೇಳಿ ಮುಗಿಸಿ, ಗಂಡನ ಕಡೆ ನೋಡದೆ ಇಳಿದುಬಂದು ನಾಹಿದಳ ಪಕ್ಕ ಕುಳಿತಳು.

ದೇವಿಂದ್ರಪ್ಪ ಮೈಕ್ ಬದಿಗೆ ಸರಿಸಿದ. ಅವಳು ಹೇಳಿದ್ದನ್ನು ಅವನೂ ಈಗಲೇ ಮೊದಲ ಸಲ ಕೇಳಿದ್ದು. ಆಮೇಲೆ ಹೆಡ್‌ಫೋನ್ ಏರಿಸಿಕೊಂಡು ಬೆರಳುಗಳನ್ನು ಕೀಲಿಗಳ ಮೇಲೆ ಇಟ್ಟ. ಗೋಡೆಯ ಮೇಲೆ ನೀಲಾಬಾಯಿಯ ದನಿ ಏರಿಳಿವ ಗೆರೆಯಾಗಿ ಮೂಡಿತು. ಗೆರೆಯ ಮೇಲೆ ಒಂದು ಗುರುತು ಓಡಿತು, ನಿಂತಿತು, ತುಸು ಹಿಂದಕ್ಕೆ ಬಂತು. ಫೋನಿನ ಸದ್ದು ಮಾಯವಾಯಿತು. ಬಸ್ಸಿನ ಹಾರ್ನ್ ಹೋಯಿತು. ಕೆಮ್ಮು ಹೋಯಿತು. ತಡವರಿಸಿದ ಮಾತುಗಳು ಒಂದೊಂದಾಗಿ ಬಿದ್ದುಹೋಗಿ ಅತ್ತಿತ್ತಲಿನ ಗೆರೆಗಳು ಕೂಡಿಕೊಂಡವು. ಯಂತ್ರ ಅವನಿಗೆ ಓದಿ ಹೇಳುತ್ತಿದ್ದುದು ಸ್ಪೀಕರಿನಲ್ಲೂ ಕೇಳುತ್ತಿತ್ತು. ಅವನು ಅದರ ವೇಗವನ್ನು ಎಷ್ಟು ಏರಿಸಿಕೊಂಡಿದ್ದನೆಂದರೆ ಬೇರೆ ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಹಿಂದಿನ ಸಾಲಿನವರು ಎದ್ದು ನಿಂತು ನೋಡತೊಡಗಿದರು. ಮಕ್ಕಳು ಕೀಲಿಮಣೆ ಬಿಟ್ಟು ವೇದಿಕೆಯ ಹತ್ತಿರ ಬಂದರು.

ಮಾತಿನ ಕೊನೆಯ ಹತ್ತಿರ ಗೆರೆ ಉದ್ದಕ್ಕೆ ಸಪಾಟಾಗಿತ್ತು. ನೀಲಾಬಾಯಿ ಮಾತು ನಿಲ್ಲಿಸಿ ಸುಮ್ಮನಾದ ಜಾಗ ಅದು. ಇದನ್ನೂ ಕತ್ತರಿಸುತ್ತಾನೆ ಎಂದುಕೊಂಡಳು ನಾಹಿದ. ಇಂಥ ಖಾಲಿ ಜಾಗ ಬಿಡಬಾರದೆಂದು ಕಲಿಸಿದವಳೇ ಅವಳು. ಗುರುತು ಅಲ್ಲಿಗೆ ಬಂದು ನಿಂತಿತು. ದೇವಿಂದ್ರಪ್ಪ ಮತ್ತೆ ಕೇಳಿದ. ಇನ್ನೊಮ್ಮೆ ಕೇಳಿದ. ಆ ಜಾಗವನ್ನು ಹಾಗೇ ಬಿಟ್ಟು ಮುಂದಕ್ಕೆ ಹೋದ.

ಆಮೇಲೆ ಹೆಡ್‌ಫೋನ್ ತೆಗೆದು, "ಕೇಳ್ರಿ" ಎಂದ.

ಸಭಾಭವನದ ಸ್ಪೀಕರುಗಳಲ್ಲಿ ನೀಲಾಬಾಯಿಯ ದನಿ ತಿಳಿಯಾಗಿ ಬಂತು.

"ಇವರು ನೌಕರಿ ಬಿಟ್ಟ ಮರುದಿನ ನಾ ನಸುಕಿಗೇ ಎದ್ದೀನ್ರಿ. ದಿನಾ ಎದ್ದಂಗ. ರೊಟ್ಟಿ ಬಡದೀನಿ, ಪುಂಡಿಪಲ್ಯ ಮಾಡೀನಿ, ಬುತ್ತಿ ಕಟ್ಟೀನಿ. ಕಟ್ಟಿದ ಮ್ಯಾಲ ನೆನಪಾತು, ಇವತ್ತ ಡ್ಯೂಟಿ ಇಲ್ಲಂತ. ಬಿಚ್ಚಲಾಕ ಮನಸ್ಸಾಗಲಿಲ್ಲ. ಇವರು ಮಲಗಿದ್ದರು. ಬುತ್ತಿ ತಗೊಂಡು ಸ್ಟೇಷನ್ನಿಗಿ ಹೋದೆ. ಒಂದು ಗೂಡ್ಸ್ ಗಾಡಿ ನಿಂತಿತ್ತು. ಡ್ರೈವರ್ ಯಾವ ಊರಾವನೋ ಏನೋ. ತಗೋಪ್ಪಾ ಅಂತ ಕೊಟ್ಟೆ. ಅವ ನೀವು ಯಾರು ಅಂತ ಕೇಳ್ದ. ಇವರ ಹೆಸರು ನಾ ಎಂದೂ ಬಾಯಿಲೆ ಅಂದಾಕಿ ಅಲ್ಲ. ಅವತ್ತ ಅಂದೆ. ನಾ..."

ಅಲ್ಲಿ ಮೌನ. ಭವನದಲ್ಲಿ ಫ್ಯಾನಿನ ಸದ್ದು ಮಾತ್ರ ಇತ್ತು.

"...ನಾ ದೇವಿಂದ್ರಪ್ಪ ಡ್ರೈವರ್ ಅವರ ಹೆಣತಿ ಅಂದೆ. ಆ ಡ್ರೈವರ್ ಬುತ್ತಿ ಕಣ್ಣಿಗಿ ಒತ್ತಿಕೊಂಡ. ಗಾಡಿ ಬಿಡೂವಾಗ ಉದ್ದಕ ಹಾರ್ನ್ ಹೊಡದ. ಮನೀಗಿ ಬಂದ್ರ ಇವರು ಎದ್ದು ಕುಂತಿದ್ದರು. ಯಾರೋ ಭಾಳ ಹೊತ್ತು ಹಾರ್ನ್ ಹೊಡದಾರಲ್ಲ, ಯಾಕಿರಬೇಕು ಅಂತ ನನಗ ಕೇಳಿದರು. ನಾ ಹೇಳಲಿಲ್ಲ. ಇವತ್ತ ಹೇಳೀನಿ."

ಮುಗಿಯಿತು. ಚಪ್ಪಾಳೆ ಕೂಡಲೇ ಬರಲಿಲ್ಲ. ಮೊದಲು ಹಿಂದಿನ ಸಾಲಿನಲ್ಲಿ ಒಬ್ಬಾತ ಎದ್ದು ನಿಂತ. ಗುಂಪಿನಲ್ಲಿ ಬರೆದವನು ತಾನೇ ಎಂದು ಹೇಳಿಕೊಂಡು, ವೇದಿಕೆಗೆ ಬಂದು ದೇವಿಂದ್ರಪ್ಪನ ಎರಡೂ ಕೈ ಹಿಡಿದುಕೊಂಡ. ನಾನು ಕಣ್ಣಿದ್ದು ಮಾಡುವ ಕೆಲಸ ಇದು, ಆ ಮೌನವನ್ನು ನಾನು ಕತ್ತರಿಸಿಬಿಡುತ್ತಿದ್ದೆ ಎಂದ. ಆಗ ಎದ್ದ ಚಪ್ಪಾಳೆ ನಿಲ್ಲಲೇ ಇಲ್ಲ. ನಾಹಿದ ತೊಡೆಯ ಮೇಲಿನ ಕೈಗಳನ್ನು ಈಗ ಎತ್ತಿ ತಲೆಯ ಮೇಲೆ ಹಿಡಿದು ತಟ್ಟುತ್ತಿದ್ದಳು. ಶಿವರಂಜನಿ ಅಮ್ಮನನ್ನು ತಬ್ಬಿಕೊಂಡು ಅಳುತ್ತಿದ್ದಳು. ದೇವಿಂದ್ರಪ್ಪ ಎದ್ದು ನಿಂತು, ಚಪ್ಪಾಳೆ ಬರುವ ಕಡೆಗೆ ಮುಖ ಮಾಡಿ ಕೈ ಮುಗಿದ. ಆಮೇಲೆ ಮೈಕಿನಲ್ಲಿ ಇಷ್ಟೇ ಹೇಳಿದ: "ಮಷೀನ್ ಬದುಕಿಸ್ದಾಕಿ ನಾಹಿದ. ಕಲಿಸ್ದಾಕೀನೂ ಆಕಿನೇ. ನಿಮ್ಮ ಮನ್ಯಾಗ ಡಿಸ್ಪ್ಲೇ ಹೋದ ಲ್ಯಾಪ್‌ಟಾಪ್ ಇದ್ದರ ಗುಜರಿಗಿ ಹಾಕಬ್ಯಾಡ್ರಿ. ಶಹಾಬಾದಿಗಿ ತಂದುಕೊಡ್ರಿ. ನನ್ನಂಥವರು ಭಾಳ ಮಂದಿ ಇದ್ದಾರ."

ಆ ಮಾತು ಕೆಲಸ ಮಾಡಿತು. ಮುಂದಿನ ದಿನಗಳಲ್ಲಿ ನಾಹಿದಳ ಅಂಗಡಿಗೆ ಲ್ಯಾಪ್‌ಟಾಪುಗಳು ಬರತೊಡಗಿದವು. ಸೇಡಂನಿಂದ ಅಶೋಕಕುಮಾರ ಔಷಧಿ ತರುವ ಗಾಡಿಯಲ್ಲಿ ಹೇರಿ ಕಳಿಸಿದ. ಚಿತ್ತಾಪುರದಿಂದ ಶಿವರಂಜನಿಯ ಜೊತೆಯ ಟೀಚರುಗಳು ತಂದರು. ಮೇಲೆ ಕುರ್ಚಿ ಬಿದ್ದದ್ದು, ಮಗು ತುಳಿದದ್ದು, ಸ್ಕೂಟರಿನಿಂದ ಜಾರಿದ್ದು, ಎಲ್ಲ ಬಂದವು. ಅಮೀರ್ ಅಲಿ ಹಾಸಿಗೆ ಬಿಟ್ಟು ಎದ್ದುಬಂದು, ಮಗಳ ಪಕ್ಕ ಕುಳಿತು ಮತ್ತೆ ಸ್ಕ್ರೂ ಬಿಚ್ಚತೊಡಗಿದ. ಭಾನುವಾರ ಅಂಗಡಿಯ ಬಾಗಿಲು ಅರ್ಧ ಎಳೆದು ಒಳಗೆ ಕಣ್ಣು ಕಾಣದವರಿಗೆ ಕ್ಲಾಸು ನಡೆಯಿತು. ಕಲಿಸುವವನು ದೇವಿಂದ್ರಪ್ಪ. ಯಾರಾದರೂ ಸಿಟ್ಟು ಮಾಡಿಕೊಂಡು ಯಂತ್ರವನ್ನು ದೂರ ಸರಿಸಿದರೆ ಅವನು ಬೈಯುತ್ತಿರಲಿಲ್ಲ, ಚಹಾ ತರಿಸುತ್ತಿದ್ದ.

ಅವರಲ್ಲಿ ಒಬ್ಬಳು ಉಮಾದೇವಿ. ಚಿಂಚೋಳಿ ಕಡೆಯ ಹಳ್ಳಿಯವಳು, ಹುಟ್ಟಿನಿಂದಲೇ ಕಣ್ಣಿಲ್ಲ. ಕನ್ನಡ ಮಾತಾಡುತ್ತಾಡುತ್ತಲೇ ತೆಲುಗಿಗೆ ಜಾರಿ ಮತ್ತೆ ಕನ್ನಡಕ್ಕೆ ಬರುತ್ತಿದ್ದಳು. ಇದನ್ನು ಯಾರು ಕೇಳುತ್ತಾರೆ ಎಂದು ನಾಚುತ್ತಿದ್ದಳು. ಹಾಗೇ ಮಾತಾಡು, ನಿನ್ನ ಊರಿನವರು ಹಾಗೇ ಅಲ್ಲವೇ ಮಾತಾಡುವುದು ಎಂದ ದೇವಿಂದ್ರಪ್ಪ. ಅವಳು ಊರಿನ ಮುದುಕಿಯರನ್ನು ಕೂರಿಸಿಕೊಂಡು, ಅವರು ಮಕ್ಕಳಿಗೆ ಹೇಳುವ ಕಥೆಗಳನ್ನು ರೆಕಾರ್ಡ್ ಮಾಡಿ ತಾನೇ ಎಡಿಟಿಂಗ್ ಮಾಡಿ ಹಾಕಿದಳು.

ಒಂದು ಬೆಳಗ್ಗೆ ದೇವಿಂದ್ರಪ್ಪನ ಫೋನು ರಿಂಗಾಯಿತು. ಉಮಾದೇವಿ ಬಸ್ಸಿನೊಳಗಿಂದ ಮಾಡಿದ್ದಳು. ಏನೋ ಹೇಳುತ್ತಿದ್ದಳು, ಆದರೆ ಅವಳ ಮಾತಿನ ಹಿಂದೆ ಇನ್ನೊಂದು ದನಿ ಗಟ್ಟಿಯಾಗಿ ಕೇಳುತ್ತಿತ್ತು. ಅದೂ ಉಮಾದೇವಿಯದೇ. ಬಸ್ಸಿನ ಡ್ರೈವರ್ ಅವಳು ಹತ್ತಿದ್ದು ಗೊತ್ತಿಲ್ಲದೆ ಅವಳ ಕಾರ್ಯಕ್ರಮವನ್ನೇ ಸ್ಪೀಕರಿನಲ್ಲಿ ಹಾಕಿದ್ದ. ಬಸ್ಸಿನ ತುಂಬ ಜನ ಕಥೆ ಕೇಳುತ್ತಿದ್ದರು, ಎಲ್ಲೋ ಒಂದು ಕಡೆ ಎಲ್ಲರೂ ಒಮ್ಮೆಲೇ ನಕ್ಕರು.

"ಕಾಕಾ, ನಗಾಕತ್ತಾರ," ಎಂದಳು ಉಮಾದೇವಿ. "ಬರೋಬರಿ ನಗಬೇಕಾದಲ್ಲೇ ನಗಾಕತ್ತಾರ."

ದೇವಿಂದ್ರಪ್ಪ ನೀಲಾಬಾಯಿಯನ್ನು ಕರೆದು, ಹಿಟ್ಟಿನ ಕೈಯಲ್ಲೇ ಬಂದ ಅವಳ ಕಿವಿಗೆ ಫೋನು ಹಿಡಿದ. ಬಸ್ಸು ಚಿಂಚೋಳಿ ದಾಟುವ ತನಕ ಇಬ್ಬರೂ ಕೇಳುತ್ತ ನಿಂತರು.